ಜೋಡಿ ಎಲೆ ಹುಡುಕುವ ಕೈ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾಡಿನಂಚಿನ ಶೆಡ್ಡಿನೊಳಗೆ ಮಂಜು ತಾನೂ ಕೆಲಸಕ್ಕೆ ಬಂದಂತೆ ಕೂತಿದೆ. ಉದ್ದನೆಯ ಮೇಜಿನ ಮುಂದೆ ಅಕ್ಕ ಕಾಡುಬೆಳ್ಳುಳ್ಳಿಯ ಎಲೆಗಳನ್ನು ಮೂಟೆಯಿಂದ ಒಂದೊಂದಾಗಿ ಎತ್ತಿ, ಬುಡ ನೋಡಿ, ಬುಟ್ಟಿಗೆ ಬಿಡುತ್ತಿದ್ದಾರೆ. ಇಲ್ಲಿನವರಿಗೆಲ್ಲ ಅವರು ಅಕ್ಕ. ಸಂತೆಗೆ ಹೋಗುವ ಪ್ರತಿ ಎಲೆಯೂ ಅವರ ಬೆರಳು ದಾಟಿಯೇ ಹೋಗಬೇಕು.

ಅವರು ಹುಡುಕುವುದು ಬೇರೆಯೇ ಗಿಡದ ಎಲೆಯನ್ನು. ಮರಗಳ ನೆರಳಲ್ಲಿ ಅದು ಬೆಳ್ಳುಳ್ಳಿಯ ಮಗ್ಗುಲಲ್ಲೇ ಬೆಳೆಯುತ್ತದೆ. ಹೂ ಬಿಡುವವರೆಗೆ ಎರಡೂ ಅವಳಿಜವಳಿ. ಹೂ ಬಿಟ್ಟರೆ ಇದರದು ಮುತ್ತಿನಂಥ ಬಿಳಿ ಗಂಟೆಗಳು, ಅರೆನಿದ್ದೆಯಲ್ಲಿ ತೇಲಿ ಬಂದಂಥ ಪರಿಮಳ. ಗಿಡವಿಡೀ ವಿಷ. ಹೊಳೆಯಾಚೆಯವರಿಗೆ ಅದು ನಾದಿನಿಯ ಜುಮುಕಿ, ಈಚೆಯವರಿಗೆ ಮೂಕಗಂಟೆ. ಗುಡ್ಡದ ಮೇಲಿನವರಿಗೆ ಎದೆಗಳ್ಳಿ. ತಿಂದವರ ಎದೆಬಡಿತವನ್ನೇ ಕದಿಯುತ್ತದಂತೆ.

"ನಮ್ಮಮ್ಮ ನಗೋ ಸವತಿ ಅನ್ನೋಳು," ಎಂದು ಅಕ್ಕ ನಗುತ್ತಾರೆ. "ಯಾಕಮ್ಮಾ ಅಂದ್ರೆ, ನಿಮ್ಮಪ್ಪನ್ನ ಕೇಳು ಅನ್ನೋಳು."

ಬೆಳ್ಳುಳ್ಳಿಯ ಘಾಟು ಬಂದರೆ ಸಾಕಲ್ಲವೇ? ಸಾಲದು. ಒಂದು ಹಿಡಿ ಎಲೆ ಕೊಯ್ದ ಮೇಲೆ ಕೈಯೇ ಘಾಟು. ಆಮೇಲೆ ಮೂಸಿದ್ದೆಲ್ಲ ಬೆಳ್ಳುಳ್ಳಿಯೇ. ನುರಿತವರು ಎಡವುವುದು ಇಲ್ಲೇ. ಅಕ್ಕನ ಚಿಕ್ಕಮ್ಮ ಹೀಗೆಯೇ ಮೋಸಹೋಗಿ, ಉಂಡ ಜಾಗದಲ್ಲೇ ಒರಗಿ ತೀರಿಕೊಂಡರು. ಅಂದಿನಿಂದ ಅಕ್ಕ ಮೂಸುವುದನ್ನೇ ಬಿಟ್ಟಿದ್ದಾರೆ. ಬೆಳ್ಳುಳ್ಳಿಯದು ಎಲೆಗೊಂದು ದಂಟು, ವಿಷದ್ದು ಒಂದೇ ದಂಟಿಗೆ ಜೋಡಿ ಎಲೆ. ಅದಕ್ಕೇ ಬುಡಸಮೇತ ಕೊಯ್ದು ತರಬೇಕೆಂಬುದು ಶೆಡ್ಡಿನ ಕಟ್ಟಳೆ.

ಇವತ್ತು ಒಂದು ಜೋಡಿ ಸಿಕ್ಕೇಬಿಡುತ್ತದೆ. ಸಿಕ್ಕರೆ ಇಡೀ ಮೂಟೆ ಶೆಡ್ಡಿನ ಹಿಂದಿನ ಹೊಂಡಕ್ಕೆ. ಮೂಟೆ ಅಕ್ಕನ ಸ್ವಂತ ತಮ್ಮನದು, ನಿನ್ನೆಯೆಲ್ಲ ಬೆನ್ನು ಬಗ್ಗಿಸಿ ಕೊಯ್ದದ್ದು. ಅವರು ಮೇಜಿನ ಪಕ್ಕದಲ್ಲೇ ನಿಂತಿದ್ದಾರೆ.

"ಒಂದು ಎಲೆಗೆ ಇಡೀ ಮೂಟೇನಾ ಅಕ್ಕಾ? ಉಳಿದಿದ್ದು ಆರಿಸು."

"ಇದು ಸಿಕ್ಕಿದೆ ಅಂದ್ರೆ, ನೀನು ಬುಡ ನೋಡದೆ ಮೂಸಿ ಕೊಯ್ದಿದ್ದೀಯ ಕಣೋ. ಉಳಿದಿದ್ದನ್ನ ಹೇಗೆ ನಂಬಲಿ?"

"ಬೇರೆಯವರ ಮೂಟೆ ಆಗಿದ್ರೆ?"

"ಇಷ್ಟೊತ್ತಿಗೆ ಹೊಂಡದಲ್ಲಿರ್ತಿತ್ತು. ನೀನು ತಮ್ಮ ಅಂತ ಇಷ್ಟು ಮಾತು."

"ಹಾಗಾದ್ರೆ ಮನೆಗೇ ಒಯ್ದು ಬೇಯಿಸ್ಕೊಂಡು ತಿಂತೀನಿ ಬಿಡು!"

"ಚಿಕ್ಕಮ್ಮನೂ ಮನೆಗೇ ಒಯ್ದಿದ್ದಳು."

ಅಕ್ಕ ಮೂಟೆಯ ಒಂದು ತುದಿ ಎತ್ತುತ್ತಾರೆ. ಇನ್ನೊಂದು ತುದಿಯನ್ನು ತಮ್ಮನೇ ಹಿಡಿಯುತ್ತಾರೆ. ಇಬ್ಬರೂ ಹೊಂಡದ ಕಡೆಗೆ ನಡೆದು ಮಂಜಿನೊಳಗೆ ಕರಗುತ್ತಾರೆ.

ಹಿಂತಿರುಗಿ ಕೈ ತೊಳೆಯುತ್ತ ಅಕ್ಕ ಮನದಾಸೆ ಹೇಳುತ್ತಾರೆ. "ಮಧ್ಯಾಹ್ನ ಎಷ್ಟೋ ಮನೇಲಿ ಈ ಸೊಪ್ಪು ಬೇಯುತ್ತೆ. ಉಂಡು ಎದ್ದವರಿಗೆ, ಎಲೆ ಆರಿಸೋಕೆ ಇಂಥೋಳು ಒಬ್ಬಳಿದ್ದಾಳೆ ಅಂತ ಯಾವತ್ತೂ ಗೊತ್ತಾಗಬಾರದು. ಅಷ್ಟೇ."