ಗರಡಿಮನೆಗೆ ಕಾಲಿಟ್ಟ ನಮ್ಮವ್ವ

ಮರಿಮಗಳು ಇವತ್ತು ಉರಿಬಿಸಿಲಲ್ಲಿ ಓಟದ ತಾಲೀಮು ಮುಗಿಸಿ, ಕಾಲತುಂಬ ಕೆಂಪುಮಣ್ಣು ಮಾಡಿಕೊಂಡು ಬಂದಳು. ಆ ಮಣ್ಣಿನ ವಾಸನೆಗೆ ಹಳಿಯಾಳದ ಗರಡಿಮನೆ ನೆನಪಾಯಿತು.

ನಮ್ಮವ್ವ ದವಾಖಾನೆಯ ನರ್ಸು, ಊರಿಗೆಲ್ಲ ನರ್ಸಬಾಯಿ. ಒಂದು ಬ್ಯಾಸಗಿ ಮಧ್ಯಾಹ್ನ, ಕುಸ್ತಿ ಆಡುತ್ತ ಹುಡುಗ ಹುಸೇನಿ ಬಿದ್ದನೆಂದು ಕರೆ ಬಂತು. ಅವ್ವನ ಹಿಂದೆ ನಾನೂ ಓಡಿದೆ.

ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಕುಸ್ತಿ ಕಲಿಸುವ ಉಸ್ತಾದರು ಬಾಗಿಲಿಗೆ ಅಡ್ಡ ನಿಂತು, "ಅಲ್ಲೇ ಇರ್ರಿ ಬಾಯಾರ. ಕಂಬಳಿ ಹೊಚ್ಚೇವಿ, ಬೆವತು ಏಳ್ತಾನ" ಅಂದರು. ತಾಲೀಮು ಮಾಡಿದ ಮೈಗೆ ಗಾಳಿ, ತಣ್ಣೀರು ಸೋಕಬಾರದೆಂಬುದು ಅವರ ಪದ್ಧತಿ.

ಅವ್ವ ಚಪ್ಪಲಿ ಬಿಟ್ಟು, ಅವರನ್ನು ದಾಟಿ ಒಳಗೆ ಹೋದಳು. ಕಂಬಳಿ ತೆಗೆದೊಗೆದು, ನಾಡಿ ಹಿಡಿದು, ಕುತ್ತಿಗೆಗೆ ಕೈ ಹಚ್ಚಿದಳು.

"ಮೈ ಹಂಚಿನಂಗ ಕಾದೈತಿ, ಬೆವರ ಇಲ್ಲ. ಹುಸೇನಿ, ನಾ ಯಾರು ಹೇಳಪಾ?"

"ಅಮ್ಮೀ" ಅಂದ, ತನ್ನ ತಾಯಿಯೆಂದು ತಿಳಿದು.

"ಕಾವು ತಲಿಗೇರೈತಿ. ನೀರ ಸುರೀರಿ, ಗಾಳಿ ಬೀಸ್ರಿ."

ಉಸ್ತಾದರೇ ಕೊಡ ಎತ್ತಿ ಸುರಿದರು. ಅವ್ವ ಒದ್ದೆ ಧೋತರ ಹೊದಿಸಿ, ಬೀಸುತ್ತ, "ನಾ ಯಾರು?" ಎಂದು ಮತ್ತೆ ಮತ್ತೆ ಕೇಳಿದಳು. ಬಹಳ ಹೊತ್ತಿನ ಮೇಲೆ ಹುಸೇನಿ ಕಣ್ಣರಳಿಸಿ ನೋಡಿ ಗಾಬರಿಯಾದ.

"ನರ್ಸಬಾಯಾರ, ನೀವು ಗರಡ್ಯಾಗ ಹೆಂಗ ಬಂದ್ರಿ?"

ಅವ್ವ ನಕ್ಕಳು. ಹುಡುಗನಿಗೆ ಬುದ್ಧಿ ತಿಳಿಯಾಗಿತ್ತು. ಉಸ್ತಾದರು ತಲೆ ತಗ್ಗಿಸಿ, "ನಾನ ಕರದೇನಿ" ಅಂದರು.

ಮರಿಮಗಳ ಕುತ್ತಿಗೆಗೆ ಕೈ ಹಚ್ಚಿದೆ. ಚೆನ್ನಾಗಿ ಬೆವತಿದ್ದಳು. ಆದರೂ ಕೇಳಿದೆ, "ನಾ ಯಾರು ಹೇಳು?"

ಈ ಕತೆಯನ್ನು ಎಷ್ಟೋ ಸಲ ಕೇಳಿದವಳು, "ನರ್ಸಬಾಯಿ ಮಗಳು" ಅಂದಳು.