ಅಕ್ಕನಿಗೆ ಮಂಜೂರಾದ ಜಮೀನು

ನಮ್ಮ ಬೀದಿಯ ಹಿಂದೆ, ಮೊನ್ನೆ ಮೊನ್ನೆಯವರೆಗೂ ಶುಂಠಿ ಬೆಳೆಯುತ್ತಿದ್ದ ಗದ್ದೆಯಲ್ಲಿ ಈಗ ಲೇಔಟ್ ಆಗುತ್ತಿದೆ. ಕುಶಾಲನಗರದಲ್ಲಿ ಇದೇನೂ ಹೊಸದಲ್ಲ. ಕಳೆದ ತಿಂಗಳು ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಟ್ರ್ಯಾಕ್ಟರಿನಿಂದ ಗಡಿಕಲ್ಲುಗಳನ್ನು ಇಳಿಸುತ್ತಿದ್ದರು. ಒಬ್ಬ ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಒಂದೊಂದಕ್ಕೂ ಬಳಿಯುತ್ತಿದ್ದ. ಗಾಳಿ ಈ ಕಡೆ ತಿರುಗಿತು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಒದ್ದೆ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ತಿತಿಮತಿಯ ಆ ಇಳಿಜಾರು, ಶೀಟಿನ ಮನೆ, ಅದರ ಮೆಟ್ಟಿಲಿಗೆ ಒತ್ತಿಕೊಂಡಂತೆ ನೆಟ್ಟ ಕಲ್ಲು, ಅದನ್ನೇ ನೋಡುತ್ತ ನಿಂತ ಪಕ್ಕದ ಮನೆ ಅಕ್ಕ...

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಮ್ಮ ಗೋಡೆಯಾಚೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವಳು. ಶಿರಂಗಾಲದ ಸೊಸೆ. ಗಂಡ ಸೈನ್ಯದಲ್ಲಿದ್ದ. ಉತ್ತರದ ಯಾವುದೋ ಬೆಟ್ಟದ ರಸ್ತೆಯಲ್ಲಿ ಲಾರಿ ಕಣಿವೆಗೆ ಉರುಳಿ ತೀರಿಕೊಂಡ. ಪೆಟ್ಟಿಗೆ ಊರಿಗೆ ಬಂದ ದಿನ ಇಡೀ ಶಿರಂಗಾಲ ರಸ್ತೆಗಿಳಿದಿತ್ತಂತೆ. ಯಾರೋ ದೊಡ್ಡವರು ಎಲ್ಲರ ಮುಂದೆ ಮೈಕು ಹಿಡಿದು, ಈ ತಾಯಿಗೆ ಸರ್ಕಾರ ಜಮೀನು ಕೊಡುತ್ತದೆ ಎಂದು ಸಾರಿದ್ದರು. ತಿಥಿ ಮುಗಿದ ಮೇಲೆ ಮಾವನ ಮನೆಯಲ್ಲಿ ಅವಳಿಗೆ ಉಳಿದದ್ದು ಹಿತ್ತಲ ಕಡೆಯ ಕೋಣೆ. ಪಾಲಿನ ಮಾತೆತ್ತಿದರೆ ಮಾವ, ನಿನಗೆ ಸರ್ಕಾರವೇ ಕೊಡುತ್ತಲ್ಲ, ಎಂದುಬಿಡುತ್ತಿದ್ದರು. ಒಂದು ದಿನ ಮಗಳ ಕೈ ಹಿಡಿದುಕೊಂಡು ಕುಶಾಲನಗರಕ್ಕೆ ಬಂದುಬಿಟ್ಟಳು.

ಅವಳು ಮುಂಗೋಪಿ. ನಕ್ಕರೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ವರ್ಷಕ್ಕೆರಡು ಸಲ ಧ್ವಜ ಹಾರಿಸುವ ದಿನ ಯಾರಾದರೂ ಬಂದು ಕರೆದೊಯ್ದು, ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ ಕಳಿಸುತ್ತಿದ್ದರು. ಆ ಶಾಲುಗಳನ್ನೆಲ್ಲ ಅವಳು ಕತ್ತರಿಸಿ ಕಿಟಕಿಗೆ ಪರದೆ ಹೊಲಿದಿದ್ದಳು. 'ವೀರನಾರಿ' ಎಂದು ಯಾರಾದರೂ ಅಂದರೆ ಮುಖ ತಿರುಗಿಸುತ್ತಿದ್ದಳು. ಲಾರಿ ಉರುಳಿದ್ದಕ್ಕೆ ನಾನ್ಯಾಕೆ ವೀರನಾರಿಯಾಗಬೇಕು ಎಂದು ನನ್ನ ಹತ್ತಿರ ಸಿಡುಕುತ್ತಿದ್ದಳು.

ಸಿಗಬೇಕಾದದ್ದು ಸಿಗಲಿಲ್ಲ ಎಂದು ನಾನು ಹೇಳಲಾರೆ. ಪಿಂಚಣಿ ತಪ್ಪದೆ ಬರುತ್ತಿತ್ತು. ಮಡಿಕೇರಿಯ ಸೈನಿಕರ ಕಚೇರಿಯಲ್ಲಿದ್ದ ಅಧಿಕಾರಿ ತಾವೂ ಯೂನಿಫಾರ್ಮು ತೊಟ್ಟು ಬಂದವರೇ. ಮಗಳಿಗೆ ಹಾಸ್ಟೆಲು, ವಿದ್ಯಾರ್ಥಿವೇತನ ಎಲ್ಲ ಅವರೇ ಮುಂದೆ ನಿಂತು ಕೊಡಿಸಿದರು. ಅಕ್ಕ ಅವರನ್ನು 'ಸಾಹೇಬ್ರು' ಎನ್ನುತ್ತಿದ್ದಳು. ಆದರೆ ಅವಳ ಮನಸ್ಸು ನೆಟ್ಟಿದ್ದು ಜಮೀನಿನ ಮೇಲೆ. ಅದಕ್ಕಾಗಿ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದಳು. ಯಾಕಕ್ಕ ಇಷ್ಟು ಹಟ ಎಂದು ನಾನೊಮ್ಮೆ ಕೇಳಿದ್ದೆ.

"ಪಿಂಚಣಿ ಅಂದ್ರೆ ಅವ್ರ ಸಂಬಳದ ಬಾಲ ಕಣೆ. ನಾನ್ ಸತ್ರೆ ಅದೂ ಸಾಯ್ತದೆ. ಭೂಮಿ ಹಂಗಲ್ಲ. ಅವ್ರು ಒಬ್ರು ಇದ್ರು ಅಂತ ಹೇಳ್ಕೊಂಡು ಎಲ್ಲಾದ್ರೂ ಬಿದ್ದಿರ್ತದೆ."

ಕೊನೆಗೂ ಮಂಜೂರಾಯಿತು. ಶಿರಂಗಾಲದ ಸುತ್ತಮುತ್ತಲಲ್ಲ, ಜಿಲ್ಲೆಯ ಇನ್ನೊಂದು ತುದಿಗೆ, ತಿತಿಮತಿಯ ಕಾಡಂಚಿಗೆ. ಅಕ್ಕ ಅದಕ್ಕೂ ಬೇಸರಿಸಲಿಲ್ಲ. ಬೀದಿಗೆಲ್ಲ ಮೈಸೂರುಪಾಕು ಹಂಚಿದಳು. ಅವರೆಕಾಯಿ ಹಾಕಬೇಕು, ಬೇಲಿಗೆ ಸಿಲ್ವರ್ ಮರ ನೆಟ್ಟು ಮೆಣಸು ಹಬ್ಬಿಸಬೇಕು, ಒಂದು ಸಣ್ಣ ಮನೆ, ಬಾಗಿಲ ಮೇಲೆ ಅವರ ಹೆಸರು... ಹೇಳುತ್ತಲೇ ಇದ್ದಳು. ಅಳತೆಯ ದಿನ ನನ್ನನ್ನೂ ಕರೆದುಕೊಂಡು ಹೊರಟಳು. ಮೈದುನ ಶಿರಂಗಾಲದಿಂದ ಬೈಕಿನಲ್ಲಿ ಬಂದು ಅಲ್ಲೇ ಸೇರಿಕೊಳ್ಳುವುದೆಂದಾಗಿತ್ತು. ಸಿದ್ದಾಪುರದಲ್ಲಿ ಬಸ್ಸು ಬದಲಿಸಿ ತಿತಿಮತಿಯಲ್ಲಿ ಇಳಿದೆವು. ಸರ್ವೆಯವನೂ ಮೈದುನನೂ ಆಗಲೇ ಬಂದಿದ್ದರು.

ಜಾಗ ಚೆನ್ನಾಗಿತ್ತು. ಇಳಿಜಾರು, ಕೆಳಗೆ ನೀರು ಹರಿಯುವ ತೋಡು, ಆಚೆ ಕಾಡು. ಆದರೆ ಅದರ ನಡುವೆ ಒಂದು ಶೀಟಿನ ಮನೆಯಿತ್ತು. ಅಂಗಳ ಸಾರಿಸಿ ರಂಗೋಲಿ ಎಳೆದಿತ್ತು. ಪಕ್ಕದಲ್ಲಿ ಅವರೆಕಾಯಿ, ಅರಿಸಿನದ ಸಾಲು, ಹತ್ತಾರು ಕಾಫಿ ಗಿಡ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಕ್ಕ ನೆಡಬೇಕೆಂದಿದ್ದನ್ನೆಲ್ಲ ಯಾರೋ ಆಗಲೇ ನೆಟ್ಟು ಬೆಳೆಸಿದ್ದರು. ಒಳಗಿನಿಂದ ನಮ್ಮ ವಾರಿಗೆಯ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಸರ್ವೆಯವನು, ಒತ್ತುವರಿ ಕಣಮ್ಮ, ತೆಗೆಸ್ತಾರೆ, ನೀವು ಚಿಂತೆ ಮಾಡಬೇಡಿ ಎಂದು ಅಕ್ಕನಿಗೆ ಸಮಾಧಾನ ಹೇಳಿ, ಆ ಹೆಂಗಸಿನ ಎದುರಿಗೇ ಮೆಟ್ಟಿಲ ಪಕ್ಕ ಕಲ್ಲು ನೆಡಿಸಿದ. ಆಗಷ್ಟೇ ಬಳಿದ ಸುಣ್ಣ ಮೆಟ್ಟಿಲಿಗೂ ಮೆತ್ತಿಕೊಂಡಿತು.

ಆ ಹೆಂಗಸು ಜಗಳವಾಡಲಿಲ್ಲ. ಕೇಳಿದ್ದಕ್ಕೆಲ್ಲ ನಿಧಾನವಾಗಿ ಉತ್ತರ ಕೊಟ್ಟಳು. ಮೊದಲು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದರಂತೆ. ನೆರಳಿನ ಮರದ ಕೊಂಬೆ ಕಡಿಯುವಾಗ ಗಂಡ ಬಿದ್ದು ಸೊಂಟ ಮುರಿದುಕೊಂಡ. ದುಡಿಯುವ ಆಳಿಲ್ಲದ ಮೇಲೆ ಲೈನು ಖಾಲಿ ಮಾಡಿ ಎಂದು ಎಸ್ಟೇಟಿನ ಲೆಕ್ಕ ನೋಡುವ ರೈಟರು ಹೇಳಿದ. ಹೋಗಲು ಜಾಗವಿಲ್ಲದೆ ಇಲ್ಲಿ ಶೀಟು ಹಾಕಿಕೊಂಡರು. ಹಕ್ಕುಪತ್ರಕ್ಕೆ ಅವಳೂ ಅರ್ಜಿ ಕೊಟ್ಟು ಕಾಯುತ್ತಿದ್ದಳು, ಅಕ್ಕ ಕಾದ ಹಾಗೇ. ಒಳಗೆ ಕತ್ತಲಲ್ಲಿ ಮಂಚದ ಮೇಲೆ ಮಲಗಿದ್ದವನು ಒಮ್ಮೆ ಕೆಮ್ಮಿದ.

ವಾಪಸು ಬರುವಾಗ ಬಸ್ಸು ಪಾಲಿಬೆಟ್ಟ ದಾಟಿದ ಮೇಲೆ ಅಕ್ಕ ಇದ್ದಕ್ಕಿದ್ದಂತೆ ಅಂದಳು: "ಯಾರೋ ಉಣ್ತಾ ಕೂತಿದ್ದ ಎಲೆ ಎಳ್ಕೊಂಡ್ ಬಂದು ನನ್ ಮುಂದೆ ಇಟ್ಟವ್ರೆ ಕಣೆ. ಉಣ್ಣು ಅಂತಾರೆ."

ಆಮೇಲೆ ಎಲ್ಲರೂ ಅವಳ ಪರವಾಗಿ ಸಿಟ್ಟಾದರು. ಮೈದುನ ಪೊಲೀಸರನ್ನು ಕರೆಸೋಣ ಎಂದ. ಅಷ್ಟು ವರ್ಷ ತಿರುಗಿ ನೋಡದವನು ವಾರಕ್ಕೆರಡು ಸಲ ಬರತೊಡಗಿದ. ಮಾಜಿ ಸೈನಿಕರು ಕೆಲವರು ಸೇರಿ, ಸೈನಿಕನ ವಿಧವೆಗೇ ಈ ಗತಿಯೆಂದರೆ ಇನ್ನು ಯಾರಿಗೆ ನ್ಯಾಯ ಎಂದು ಸಭೆ ಮಾಡಿದರು. ಅತ್ತ ತಿತಿಮತಿಯಲ್ಲಿ ಕೂಲಿಯವರ ಕಡೆಯವರೂ ಗುಂಪುಗೂಡಿದರು. ಒಂದು ಪತ್ರಿಕೆಯಲ್ಲಿ ಇಬ್ಬರು ಹೆಂಗಸರ ಫೋಟೋವನ್ನೂ ಅಕ್ಕಪಕ್ಕ ಹಾಕಿದರು, ಚುನಾವಣೆಗೆ ನಿಂತವರ ಹಾಗೆ. ಎರಡೂ ಕಡೆಯವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಸಂಕಟವಾಗಿತ್ತು. ಅಕ್ಕ ಆ ಪತ್ರಿಕೆಯನ್ನು ಒಲೆಗೆ ಹಾಕಿದಳು.

ಸಾಹೇಬರ ಹತ್ತಿರ ಹೋದಾಗ ಅವರು, ಬೇರೆ ಕಡೆ ಜಾಗ ಕೇಳಬಹುದು, ಆದರೆ ಇದನ್ನು ಬಿಟ್ಟರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಗುತ್ತದೆ ಎಂದು ವಿವರಿಸಿದರು. "ಇದು ನಿಮ್ಮ ಹಕ್ಕು ಅಮ್ಮ. ಬಿಡಿ ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ. ಹಿಡ್ಕೊಳ್ಳಿ ಅನ್ನೋಕೂ ಬರ್ತಿಲ್ಲ," ಎಂದರು.

ಆ ದಿನಗಳಲ್ಲಿ ಅಕ್ಕ ಒಬ್ಬಳೇ ತಿತಿಮತಿಗೆ ಹೋಗಿ ಬರುತ್ತಿದ್ದಳೆಂದು ನನಗೆ ತಿಳಿದದ್ದು ತಡವಾಗಿ. ಹೋಗಿ ಏನು ಮಾಡುತ್ತಿದ್ದಳು? ಸುಮ್ಮನೆ ಅಂಗಳದಲ್ಲಿ ಕೂತು ಬರುತ್ತಿದ್ದಳಂತೆ. ಇಬ್ಬರ ನಡುವೆ ಸ್ನೇಹವೇನೂ ಬೆಳೆಯಲಿಲ್ಲ. ಒಮ್ಮೆ ಆ ಹೆಂಗಸೇ, ನೀವ್ ಬರ್ಬೇಡಿ ಅಕ್ಕ, ನೀವ್ ಬಂದ್ ಹೋದ್ರೆ ನಮ್ಗೆ ವಾರ ನಿದ್ದೆ ಬರೋದಿಲ್ಲ, ಎಂದಳಂತೆ. ನನಗೆ ಅದನ್ನು ಹೇಳುವಾಗ ಅಕ್ಕನ ಕಣ್ಣು ತುಂಬಿತ್ತು. ಜಮೀನಿನ ಆಸೆ ಬಿಟ್ಟುಬಿಡು ಎಂದು ನಾನು ಮೆಲ್ಲಗೆ ಅಂದೆ. ಉರಿದುಬಿದ್ದಳು.

"ನಂಗೂ ಬೇಕು ಕಣೆ. ನಾನೇನ್ ದೇವ್ರಾ? ಮನುಷ್ಯನ್ನ ಕೊಟ್ಟು ತಗಂಡಿರೋದು ನಾನು."

ತೆರವಿನ ದಿನ ಬಂತು. ಸ್ವಾಧೀನ ತೆಗೆದುಕೊಳ್ಳಲು ಅಕ್ಕ ಅಲ್ಲಿರಲೇಬೇಕಿತ್ತು. ನಾವು ತಲುಪುವಾಗ ರಸ್ತೆಯಂಚಿಗೆ ಜೆಸಿಬಿ ನಿಂತಿತ್ತು, ಪೊಲೀಸರಿದ್ದರು. ಮೈದುನ ಹೊಸ ಅಂಗಿ ತೊಟ್ಟು ಬಂದಿದ್ದ. ಆ ಹೆಂಗಸು ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತಂದು ಜೋಡಿಸುತ್ತಿದ್ದಳು. ಯಾರೋ ನಾಲ್ಕು ಜನ ಅವಳ ಗಂಡನನ್ನು ಮಂಚದ ಸಮೇತ ಹೊತ್ತು ತಂದು ಮೆಣಸು ಹಬ್ಬಿದ ಮರದ ಕೆಳಗೆ ಇಳಿಸಿದರು. ಬಿಸಿಲು ಕಣ್ಣಿಗೆ ಹೊಡೆದು ಅವನು ಕೈಯಿಂದ ಮುಖ ಮುಚ್ಚಿಕೊಂಡ. ಎಷ್ಟು ಕಾಲದ ಮೇಲೆ ಆಕಾಶ ಕಂಡಿದ್ದನೋ...

ಅಕ್ಕ ನೇರ ತೆರವು ಮಾಡಿಸಲು ಬಂದ ಅಧಿಕಾರಿಯ ಮುಂದೆ ಹೋಗಿ ನಿಂತಳು. ನನಗೆ ಈ ಜಾಗ ಬೇಡ, ಇವರನ್ನು ಬಿಟ್ಟುಬಿಡಿ ಎಂದಳು. ಅವರು ಒರಟು ಮನುಷ್ಯರಲ್ಲ. ಬೇಸರದಿಂದಲೇ ಹೇಳಿದರು: ನೀವು ಬೇಡ ಅಂದರೂ ಇದು ಸರ್ಕಾರದ ಜಾಗ, ಇವರು ಇರುವ ಹಾಗಿಲ್ಲ. ಇವತ್ತು ಇವರು ಏಳುತ್ತಾರೆ, ನಾಳೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ.

ಅಕ್ಕ ಅಷ್ಟು ದಿನ ಒಳಗೊಳಗೇ ಗುದ್ದಾಡಿ ಗಟ್ಟಿ ಮಾಡಿಕೊಂಡು ಬಂದ ತ್ಯಾಗಕ್ಕೆ ಯಾವ ಬೆಲೆಯೂ ಇರಲಿಲ್ಲ. ಅವಳ ಮುಖ ನೋಡಲಾಗಲಿಲ್ಲ ನನಗೆ. ಮರದ ಕೆಳಗಿನ ಮಂಚದ ಕಡೆಗೊಮ್ಮೆ ನೋಡಿ ಕೇಳಿದಳು:

"ನಾನ್ ತಗಂಡ್ರೆ?"

"ತಗೊಂಡ್ರೆ ನಿಮ್ಮ ಜಾಗ ಅಮ್ಮ."

"ನನ್ ಜಾಗದಲ್ಲಿ ಯಾರ್ನ ಇಟ್ಕತೀನಿ ಅಂತ ನೀವ್ ಕೇಳಂಗಿಲ್ವಲ್ಲ?"

ಅಧಿಕಾರಿ ಅವಳನ್ನೇ ನೋಡಿದರು. ಆಮೇಲೆ ಜೆಸಿಬಿಯವನಿಗೆ ಇಂಜಿನ್ನು ಆರಿಸು ಎಂದು ಕೈ ಮಾಡಿದರು. ಅಕ್ಕ ಸಹಿ ಹಾಕಿದಳು. ಮೈದುನ ಎಲ್ಲರೆದುರಿಗೆ, ಅಣ್ಣನ ಪ್ರಾಣ ಮಾರಿ ಕೂಲಿಯವರಿಗೆ ದಾನ ಮಾಡ್ತಿದ್ದೀಯ ಎಂದು ಕೂಗಿ ಬೈಕು ಹತ್ತಿದವನು ಮತ್ತೆ ಅವಳ ಹೊಸಿಲು ತುಳಿಯಲಿಲ್ಲ. ಸಭೆ ಮಾಡಿದವರೂ ಅವಳನ್ನು ಕರೆಯುವುದು ನಿಲ್ಲಿಸಿದರು. ಆ ವರ್ಷದಿಂದ ಶಾಲು ಬರಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಹೆಂಗಸು ಅಂದಿನಿಂದ ಅವಳನ್ನು 'ಓನರಮ್ಮ' ಎನ್ನತೊಡಗಿದಳು. ಅಕ್ಕ ಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಮೆಣಸಿನಲ್ಲಿ ಪಾಲು ತಗೊಳ್ಳಿ ಎಂದರೆ ಅಕ್ಕ ಒಲ್ಲೆ ಎನ್ನುತ್ತಿದ್ದಳು, ಹಾಗೆಂದಷ್ಟೂ ಆ ಹೆಂಗಸಿನ ಹೆದರಿಕೆ ಹೆಚ್ಚುತ್ತಿತ್ತು. ಅರ್ಧ ಜಾಗವನ್ನು ಅವಳ ಹೆಸರಿಗೆ ಬರೆದುಕೊಡಬಹುದೇ ಎಂದು ಅಕ್ಕ ಸಾಹೇಬರನ್ನು ಕೇಳಿದಳು. ಮಂಜೂರಾದ ಜಮೀನನ್ನು ಹಲವು ವರ್ಷ ಯಾರಿಗೂ ಕೊಡುವಂತಿಲ್ಲ ಎಂಬ ನಿಯಮವಿತ್ತು. ಸರಿ, ಆಮೇಲೆ ನೋಡೋಣ ಎಂದುಕೊಂಡಳು. ಆ ವರ್ಷಗಳು ತುಂಬುವ ಮೊದಲೇ ಹೊಟ್ಟೆನೋವು ಶುರುವಾಯಿತು.

ಸೈನಿಕರ ಪಾಲಿಕ್ಲಿನಿಕ್ಕಿನವರು ಮೈಸೂರಿಗೆ ಬರೆದುಕೊಟ್ಟರು. ಗಂಡನ ಹೆಸರಿನ ಕಾರ್ಡು ತೋರಿಸಿದರೆ ಸಾಕು, ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ, ಔಷಧಿ ಎಲ್ಲ ಸಿಕ್ಕಿತು. ಆದರೆ ಹೋಗುವಾಗಲೇ ತಡವಾಗಿತ್ತು. ಒಂದು ವರ್ಷ ನರಳಿ ಹೋಗಿಬಿಟ್ಟಳು. ಜಮೀನಿನ ವಿಷಯ ಏನೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ...

ಸುಣ್ಣದ ವಾಸನೆ ಬಂದ ಆ ವಾರವೇ ಅಕ್ಕನ ಮಗಳು ನಮ್ಮ ಮನೆಗೆ ಬಂದಳು. ಈಗ ಹುಣಸೂರಿನಲ್ಲಿ ಟೀಚರು. ಜಮೀನು ಅವಳ ಹೆಸರಿಗಾಗಿದೆ. ಅಲ್ಲಿ ಮನೆ ಕಟ್ಟಿಕೊಳ್ಳಬೇಕು, ಅಲ್ಲಿರುವವರಿಗೆ ಏಳಲು ಹೇಳಬೇಕು, ಜೊತೆಗೆ ಬನ್ನಿ ಚಿಕ್ಕಮ್ಮ ಎಂದಳು. ನಾನು ಏನೋ ಹೇಳಹೊರಟೆ. ಅವಳು ತಡೆದಳು.

"ಅಮ್ಮ ಅವರಿಗೋಸ್ಕರ ಎಲ್ಲರನ್ನೂ ಎದುರು ಹಾಕ್ಕೊಂಡ್ರು. ನಾನು ಹಾಸ್ಟೆಲಲ್ಲಿ ಬೆಳೆದೆ. ಅಪ್ಪನ ಮುಖ ನನಗೆ ನೆನಪಿಲ್ಲ ಚಿಕ್ಕಮ್ಮ. ಅವರದ್ದು ಅಂತ ನನಗಿರೋದು ಅದೊಂದೇ ಅಲ್ವಾ?"

ಇಬ್ಬರೂ ತಿತಿಮತಿಗೆ ಹೋದೆವು. ಶೀಟಿನ ಮನೆಗೆ ಈಗ ಅರ್ಧ ಗೋಡೆಯೆದ್ದಿದೆ. ಮಂಚದಲ್ಲಿ ಗಂಡನಿರಲಿಲ್ಲ, ಅದರ ಮೇಲೆ ಅರಿಸಿನ ಹರವಿದ್ದರು. ಆ ಹೆಂಗಸಿನ ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ಗುರುತಿಸಿದಳು. ನಮ್ಮ ಬೆನ್ನ ಹಿಂದೆ, ರಸ್ತೆಯ ಕಡೆಗೆ ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: "ಓನರಮ್ಮ ಹೋದ್ ವರ್ಷ್ವೂ ಬರ್ಲಿಲ್ಲ, ಈ ವರ್ಷ್ವೂ ಬರ್ಲಿಲ್ಲ. ನಮ್ಮ್ ಮೇಲೆ ಸಿಟ್ಟಾ?"

ಅವಳಿಗೆ ಯಾರೂ ಹೇಳಿರಲಿಲ್ಲ.

ನಾನೇ ಹೇಳಬೇಕಾಯಿತು. ಅವಳು ಅಂಗಳದಲ್ಲಿ ಹಾಗೇ ಕುಸಿದು ಕೂತಳು. ಏನಾಗಿತ್ತು, ನೋವು ಜಾಸ್ತಿ ಇತ್ತಾ, ಹತ್ತಿರ ಯಾರಿದ್ರು, ಕೊನೇಲಿ ಗಂಜಿ ಕುಡಿದ್ರಾ... ಒಂದೊಂದಾಗಿ ಕೇಳಿದಳು. ಅಕ್ಕ ಸತ್ತಾಗ ಇದನ್ನೆಲ್ಲ ನನ್ನನ್ನು ಯಾರೂ ಕೇಳಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಒಂದೊಂದನ್ನೂ ಹೇಳಿದೆ. ಮಗಳು ದೂರದಲ್ಲಿ ನಿಂತು, ತನ್ನ ತಾಯಿಗಾಗಿ ಅಳುತ್ತಿದ್ದ ಆ ಮುದುಕಿಯನ್ನು ನೋಡುತ್ತಿದ್ದಳು. ಹೇಳಲು ಬಂದದ್ದನ್ನು ಆ ದಿನ ಅವಳು ಹೇಳಲಿಲ್ಲ. ಬಸ್ಸಿನಲ್ಲಿ, ಇನ್ನೊಂದು ದಿನ ಬರೋಣ ಎಂದಳು.

ಗೋಡೆಯಾಚೆಯ ಕೋಣೆಗಳಿಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಮೊನ್ನೆ ಮಧ್ಯಾಹ್ನ ಮಗಳ ಫೋನು ಬಂತು, ಮುಂದಿನ ತಿಂಗಳು ತಿತಿಮತಿಗೆ ಹೋಗುವುದಂತೆ. ಬರುತ್ತೇನೆ ಎಂದೆ. ಫೋನಿಟ್ಟ ಮೇಲೆ, ಇದನ್ನು ಅಕ್ಕನನ್ನೇ ಒಂದು ಮಾತು ಕೇಳಿಬಿಡಬೇಕು ಎಂದುಕೊಂಡು ನಾಲ್ಕು ಹೆಜ್ಜೆ ಬಾಗಿಲ ಕಡೆಗೆ ನಡೆದೂಬಿಟ್ಟಿದ್ದೆ.