ಟೇಪಿಗಿಂತ ಮೊದಲು ಬಂದವನು

ಇಳಕಲ್ಲಿನ ನೇಕಾರ ಮಲೀಕಸಾಬರ ಮಗ ಅಹ್ಮದಸಾಬ ಟೀವಿ ಸುದ್ದಿಗಾರನಾಗಿ ಬೈರೂತಿಗೆ ಹೋದದ್ದು ಎಂಬತ್ತೆರಡರಲ್ಲಿ. ಚಿಕ್ಕಂದಿನಲ್ಲಿ, ಅಪ್ಪ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ನೇಯುವಾಗ, ಪಕ್ಕದಲ್ಲಿ ಕುಳಿತು ಪತ್ರಿಕೆ ಓದಿ ಹೇಳುತ್ತಿದ್ದ. ಮಗ್ಗದ ಸದ್ದನ್ನು ಮೀರಲು ಕಲಿತ ಆ ದನಿಯೇ ಅವನನ್ನು ಬಾಗಲಕೋಟೆಯ ಕಾಲೇಜಿಗೆ, ಆಮೇಲೆ ದಿಲ್ಲಿಗೆ, ಕೊನೆಗೆ ಯುದ್ಧದ ಊರಿಗೆ ಒಯ್ದಿತು.

ಅಪ್ಪನಿಗೆ ಅವನು ಒಂದು ಸುಳ್ಳು ಹೇಳಿದ್ದ. "ಗುಂಡು ಹಾರೂದು ಭಾಳ ದೂರ. ನಾ ಆಫೀಸಿನ್ಯಾಗ ಕುಂತು ಓದ್ತೇನಿ, ಅಷ್ಟ." ಇಳಕಲ್ಲಿಗೆ ಆಗಿನ್ನೂ ಟೀವಿ ಬಂದಿರಲಿಲ್ಲ. ಸುಳ್ಳು ನಡೆದುಹೋಯಿತು.

ಎಂಬತ್ತೈದರ ಬೇಸಿಗೆಯಲ್ಲಿ ಒಂದು ಬೀದಿಯ ಚಿತ್ರೀಕರಣ ಮುಗಿದ ಬೆನ್ನಲ್ಲೇ ಅವನ ಕಾರಿನ ಚಾಲಕ ನಬೀಲ ಗುಂಡಿಗೆ ಬಲಿಯಾದ. ಅದೇ ವಾರ ಅಪ್ಪನ ಎದೆಬೇನೆಯ ತಾರು ಬಂತು. ಅಹ್ಮದಸಾಬ ಸಿಕ್ಕ ದಾರಿ ಹಿಡಿದು ಊರು ಸೇರಿದ. ಆ ಬೀದಿಯ ಚಿತ್ರೀಕರಣದ ಟೇಪು ಮಾತ್ರ ಡಮಾಸ್ಕಸ್ಸಿನಲ್ಲಿ ವಿಮಾನಕ್ಕೆ ಕಾಯುತ್ತ ಹಿಂದೆ ಉಳಿಯಿತು.

ಅಷ್ಟರಲ್ಲಿ ಸೀರೆ ಅಂಗಡಿಯ ಬಸಯ್ಯ ಟೀವಿ ತಂದಿದ್ದ. ತುಸು ಚೇತರಿಸಿಕೊಂಡ ಅಪ್ಪ ಹಟ ಹಿಡಿದು ಮಗನ ತೋಳು ಆತುಕೊಂಡು ಅಲ್ಲಿಗೆ ಹೋದರು. ಸಂಜೆಯ ಸುದ್ದಿಯಲ್ಲಿ ಆ ಟೇಪೇ ಬಂತು. ಒಡೆದ ಗೋಡೆಯ ಮುಂದೆ ನಿಂತು ಅಹ್ಮದಸಾಬ ಮಾತಾಡುತ್ತಿದ್ದ. ಹಿಂದೆ ಕಾರಿಗೆ ಒರಗಿದ ನಬೀಲ, ಕೈಯಲ್ಲಿ ಸಿಗರೇಟು.

"ಏ ಅಹ್ಮದಾ, ನೀ ಇಲ್ಲಿ ಚಾ ಕುಡ್ಯಾಕತ್ತಿ. ಅಲ್ಲಿ ನಿಂತಾವ ಯಾವಲೇ?" ಬಸಯ್ಯ ಕೂಗಿದ. "ತಿಳೀತು ಬಿಡು! ಮುಂಬೈದಾಗ ನಾಟಕ ಕಂಪನಿಯವರಗತೆ ಪಡದಾ ಕಟ್ಟೀರಿ. ಆ ಕಾರಿನ ಬಾಜೂಕ ನಿಂತಾವಗೆ ಏನು ಪಗಾರ ಕೊಟ್ರಿ?"

ಅಂಗಡಿ ತುಂಬ ನಗೆ. ಅಪ್ಪ ನಗಲಿಲ್ಲ. ಮಗನ ಮುಂಗೈ ಬಿಗಿಯಾಗಿ ಹಿಡಿದರು.

"ಖರೆ ಹೇಳು. ಆ ಗ್ವಾಡಿ ಮುಂದ ನೀ ನಿಂತಿದ್ದಿಯೇನು?"

ಟೇಪು ತಡವಾಗಿ ಬಂದದ್ದನ್ನು ಹೇಳುವುದು ಸುಲಭವಿತ್ತು. ಆದರೆ ಹೇಳಿದರೆ, ಕಾರಿನ ಪಕ್ಕದವನು ಈಗ ಎಲ್ಲಿದ್ದಾನೆಂದು ಅಪ್ಪ ಕೇಳುತ್ತಿದ್ದರು.

"ಇಲ್ಲಪ್ಪಾ. ಬಸಯ್ಯಾರು ಅಂದದ್ದ ಖರೆ. ಅದು ಮುಂಬೈದಾಗ ತಗದದ್ದು."

ಅಪ್ಪನ ಹಿಡಿತ ಸಡಿಲಾಯಿತು. "ಹಂಗಾದ್ರ ಛಲೋ ಆತು," ಎಂದರು. ಮನೆಗೆ ನಡೆಯುವಾಗ, ಅವನ ಮುಖ ನೋಡದೆ ಇನ್ನೊಂದು ಮಾತು ಸೇರಿಸಿದರು: "ಮಂದಿಗೆ ಹಿಂಗ ಸುಳ್ಳು ತೋರಿಸಿ ಉಣ್ಣಬಾರದಪಾ."

ಮಳೆಗಾಲ ಹಿಡಿಯುವ ಮೊದಲೇ ಅಪ್ಪ ತೀರಿಕೊಂಡರು. ಅಹ್ಮದಸಾಬ ಮತ್ತೆ ಬೈರೂತಿಗೆ ಹೊರಟ ದಿನ ಬಸಯ್ಯ ತಾನೇ ಅವನ ಪೆಟ್ಟಿಗೆ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದ. ಇನ್ನು ನಿಜ ಹೇಳಲು ಅಡ್ಡಿಯಿರಲಿಲ್ಲ. ಅಹ್ಮದಸಾಬ ಬಾಯಿ ತೆರೆದ. ಅಷ್ಟರಲ್ಲಿ ಬಸಯ್ಯ ಅವನ ಹೆಗಲ ಮೇಲೆ ಕೈಯಿಟ್ಟು, ದುಃಖ ಮರೆಸಬೇಕೆಂದೇ, "ಮುಂದಿನ ಸಲ ನನಗೂ ಒಂದು ಪಾರ್ಟು ಕೊಡಸೋ. ಸಾಯೂ ಪಾರ್ಟಾದ್ರೂ ನಡೀತೈತಿ," ಎಂದ.

"ಕೊಡಸ್ತೇನ್ರಿ," ಎಂದು ಅಹ್ಮದಸಾಬ ಬಸ್ಸು ಹತ್ತಿದ.